ಹಿಡಿಯ ಬಲಮಗ್ಗುಲಿನ ಕುಳಿ

ಸಾಣೆ ಹಿಡಿಯುವವನು ಸೈಕಲ್ಲಿನ ಮೇಲೆ ಓಣಿಗೆ ಬಂದಾಗ ನಡೆಯುವುದನ್ನು ನೀವೂ ನೋಡಿರಬೇಕು. ಚಾಕುವಿನ ಅಲಗನ್ನು ಕಲ್ಲಿಗೆ ಹಚ್ಚಿ ಕಿಡಿ ಹಾರಿಸುತ್ತಾನೆ, ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ಪರೀಕ್ಷಿಸುತ್ತಾನೆ, ಒಂದು ಕಣ್ಣು ಮುಚ್ಚಿ ಬಿಸಿಲಿಗೆ ಹಿಡಿಯುತ್ತಾನೆ. ಸುತ್ತ ನಿಂತ ನಾವೂ ಅಲಗಿನ ಹೊಳಪನ್ನೇ ಹೊಗಳುತ್ತೇವೆ. ಹಿಡಿಯನ್ನು ಮಾತ್ರ ಯಾರೂ ನೋಡುವುದಿಲ್ಲ. ಹಿಟ್ಟು, ಉಳ್ಳಾಗಡ್ಡಿಯ ರಸ, ಕೈಬೆವರು, ಮೂರು ತಲೆಮಾರಿನ ಜಿಡ್ಡು, ಎಲ್ಲವನ್ನೂ ಮೆತ್ತಿಕೊಂಡು ಹೋದ ಹಿಡಿ ಹಾಗೆಯೇ ಮೆತ್ತಿಕೊಂಡು ಮನೆಗೆ ತಿರುಗಿ ಬರುತ್ತದೆ. ಕೀರ್ತಿಯೆಲ್ಲ ಅಲಗಿಗೆ, ಕೊಳೆಯೆಲ್ಲ ಹಿಡಿಗೆ. ಸಂಸಾರದಲ್ಲಿ ಅಲಗು ಯಾರು, ಹಿಡಿ ಯಾರು ಎಂದು ನಾನು ಬಿಡಿಸಿ ಹೇಳುವುದಿಲ್ಲ. ಹೇಳಿದರೆ ನನ್ನ ಮಗನಿಗೆ ಸಿಟ್ಟು ಬರುತ್ತದೆ.

ನಮ್ಮದು ಕಬ್ಬಿನ ಸೀಮೆ. ಶೇಡಬಾಳದ ಸುತ್ತ ಯಾವ ಮನೆಯ ಮೂಲೆ ಹುಡುಕಿದರೂ ಕಬ್ಬು ಕಡಿಯುವ ಕೊಯ್ತ ಎರಡು, ಕುಡಗೋಲು ನಾಲ್ಕು ಸಿಕ್ಕೇ ಸಿಗುತ್ತವೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೆ ಬರುವ ವಿದ್ಯೆ ಬಹಳವಿಲ್ಲ. ಆದರೆ ವರ್ಷಕ್ಕೊಮ್ಮೆ, ದಸರೆಯ ಖಂಡೇಪೂಜೆಯ ಹಿಂದಿನ ದಿನ, ಮನೆಯ ಆಯುಧಗಳನ್ನೆಲ್ಲ ಪಡಸಾಲೆಯಲ್ಲಿ ಹರವಿಕೊಂಡು ಅವುಗಳ ಹಿಡಿಗೆ ಹೊಳಪು ತರುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಈ ಓಣಿಯಲ್ಲಿಲ್ಲ. ಇದ್ದವಳೊಬ್ಬಳು ಸತ್ತಳು. ಅವಳ ವಿಷಯಕ್ಕೇ ಬರುತ್ತಿದ್ದೇನೆ.

ಮೊದಲು ವಿದ್ಯೆ. ಕಟ್ಟಿಗೆಯ ಹಿಡಿಯನ್ನು ನೀರಿನಲ್ಲಿ ನೆನೆಯಿಡಬಾರದು. ನೆನೆದಾಗ ಉಬ್ಬುತ್ತದೆ, ಒಣಗಿದಾಗ ಸೀಳುತ್ತದೆ. ಹಿಂಡಿದ ಅರಿವೆಯಿಂದ ಒರೆಸಿ, ಜರಡಿ ಹಿಡಿದ ಸಗಣಿಯ ಕುಳ್ಳಿನ ಬೂದಿಯಿಂದ ತಿಕ್ಕಿ, ಆಮೇಲೆ ಪಾರಿಜಾತದ ಎಲೆಯಿಂದ ಕಟ್ಟಿಗೆಯ ಎಳೆಯ ಗುಂಟ ಉಜ್ಜಬೇಕು. ಅಷ್ಟು ಮೃದುವಾದ ಹೂ ಬಿಡುವ ಗಿಡದ ಎಲೆ ಬೆಕ್ಕಿನ ನಾಲಗೆಯಂತೆ ಒರಟು; ಹೂ ನೋಡಿ ಗಿಡದ ಸ್ವಭಾವ ಹೇಳಲಾಗದು. ಕಡೆಗೆ ಕುಸುಬೆ ಎಣ್ಣೆ, ಎರಡೇ ಹನಿ. ಕುಸುಬೆ ಎಣ್ಣೆ ಒಣಗಿ ಹಿಡಿಯ ಮೈಗೆ ಚರ್ಮದಂತೆ ಕೂಡುತ್ತದೆ. ಶೇಂಗಾ ಎಣ್ಣೆ ಒಣಗುವುದೇ ಇಲ್ಲ. ನಾನು ಜಾಣೆಯಾಗಿ ಒಂದು ವರ್ಷ ಶೇಂಗಾ ಎಣ್ಣೆ ಹಚ್ಚಿ, ಪೂಜೆಗಿಟ್ಟ ಆಯುಧಗಳ ಮೇಲೆ ಇರುವೆಗಳ ಮೆರವಣಿಗೆ ನೋಡಿದ್ದೇನೆ.

ಕೋಡಿನ ಹಿಡಿಯ ರೀತಿ ಬೇರೆ. ಅದನ್ನು ಉಜ್ಜಿದರೆ ಸುಟ್ಟ ಕೂದಲಿನ ವಾಸನೆ ಬರುತ್ತದೆ, ಹಿಂದಿನಿಂದ ಕೊಟ್ಟಿಗೆಯ ವಾಸನೆಯೂ ಬಂತೇನೋ ಅನಿಸುತ್ತದೆ. ಮುಟ್ಟಿದಾಗ ತಣ್ಣಗಿದ್ದದ್ದು ಅಂಗೈಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಬೆಚ್ಚಗಾಗುತ್ತದೆ. ಆಮೇಲೆ ಆ ಬಿಸಿ ನಮ್ಮ ಕೈಯದೋ ಅದರದೋ ಹೇಳುವುದು ಕಷ್ಟ.

ನಮ್ಮ ಮನೆಯಲ್ಲಿ ಕೋಡಿನ ಹಿಡಿಯದು ಒಂದೇ ಚಾಕು. ಅದು ನನ್ನ ಅತ್ತೆಯದು. ತವರಿನ ಎಮ್ಮೆ ಸತ್ತಾಗ ಅದರ ಕೋಡಿನಿಂದ ಮಾಡಿಸಿಕೊಂಡು, ಮದುವೆಯಾಗಿ ಬರುವಾಗ ಸೀರೆಗಳ ನಡುವೆ ಇಟ್ಟುಕೊಂಡು ಬಂದಿದ್ದಳಂತೆ. ಅದನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಕಾಯಿಪಲ್ಲೆ ಹೆಚ್ಚಲು ಕೂತಾಗ ಅತ್ತೆ ಗೋಡೆಗೆ ಮುಖ ಮಾಡಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ನಮ್ಮನ್ನೆಲ್ಲ ಅಡಿಗೆಮನೆಯಿಂದ ಅಟ್ಟಿಬಿಡುತ್ತಿದ್ದಳು.

"ಹೊರಗ ನಡೀರಿ. ಹೆಚ್ಚೂದು ನೋಡಿದ್ರ ಪಲ್ಲೇಕ ದಿಟ್ಟಿ ಹತ್ತತೈತಿ."

ಪಲ್ಲೆಗೆ ದೃಷ್ಟಿ ತಾಗುವುದನ್ನು ನಾನು ಬೇರೆಲ್ಲಿಯೂ ಕೇಳಿರಲಿಲ್ಲ. ಆದರೂ ನಲವತ್ತು ವರ್ಷ ಹೊರಗೆ ನಿಂತು ಟಕ್ ಟಕ್ ಟಕ್ ಸದ್ದು ಕೇಳಿದೆ, ಒಮ್ಮೆಯೂ ಇಣುಕಲಿಲ್ಲ. ಇದನ್ನು ವಿಧೇಯತೆ ಎನ್ನಿರಿ, ದಡ್ಡತನ ಎನ್ನಿರಿ, ನಿಮ್ಮ ಇಷ್ಟ.

ಅತ್ತೆ ಹೋಗಿ ಈಗ ಐದು ವರ್ಷ. ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಚಾಕುವನ್ನು ಖಣದ ಬಟ್ಟೆಯಲ್ಲಿ ಸುತ್ತಿ, ಅರಿಸಿನದ ದಾರ ಕಟ್ಟಿ, ಅಡಿಗೆಮನೆಯ ಗೋಡೆಯಲ್ಲಿ ಎತ್ತರಕ್ಕಿದ್ದ ಮಾಡದಲ್ಲಿ ಇಟ್ಟೆ. ವರ್ಷಕ್ಕೊಮ್ಮೆ ತೆಗೆಯುವುದು, ಹಿಡಿ ಒರೆಸಿ ಪೂಜೆಗೆ ಇಡುವುದು, ಮತ್ತೆ ಸುತ್ತಿಡುವುದು. ಮೊದಲನೆಯ ಸಲ ಒರೆಸುವಾಗಲೇ ನನ್ನ ಬೆರಳು ಒಂದು ಕುಳಿಗೆ ಇಳಿಯಿತು. ಅಲಗಿನ ಬುಡದ ಹತ್ತಿರ, ಹೆಬ್ಬೆರಳು ಒತ್ತಿ ಒತ್ತಿ ಕೋಡು ಸವೆದು ಆದ ಕುಳಿ. ಅದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿದ್ದದ್ದು ಮಗ್ಗುಲಿನಲ್ಲಿ. ನೀವೇ ಒಂದು ಚಾಕು ಹಿಡಿದು ನೋಡಿರಿ: ಬಲಗೈಯವರ ಹೆಬ್ಬೆರಳು ಹಿಡಿಯ ಎಡಮಗ್ಗುಲಿಗೆ ಕೂಡುತ್ತದೆ. ಈ ಕುಳಿ ಇದ್ದದ್ದು ಬಲಮಗ್ಗುಲಿನಲ್ಲಿ.

ಅತ್ತೆ ರೊಟ್ಟಿ ಬಡಿದದ್ದು ಬಲಗೈಯಲ್ಲಿ, ಆರತಿ ಎತ್ತಿದ್ದು ಬಲಗೈಯಲ್ಲಿ, ನನ್ನ ಬೆನ್ನಿಗೆ ಒಂದೆರಡು ಸಲ ಕೊಟ್ಟದ್ದೂ ಬಲಗೈಯಲ್ಲಿಯೇ. ಹಾಗಾದರೆ ಈ ಎಡಗೈ ಯಾರದು? ನನ್ನ ತಲೆಗೂದಲು ನಿಮಿರಿತು ಎಂದು ಬರೆದರೆ ಸುಳ್ಳಾಗುತ್ತದೆ, ನಿಮಿರುವಷ್ಟು ಕೂದಲು ತಲೆಯ ಮೇಲೆ ಉಳಿದಿಲ್ಲ. ಆದರೆ ಚಾಕುವನ್ನು ಕೆಳಗಿಟ್ಟು ಕೈ ತೊಳೆದುಕೊಂಡು ಬಂದೆ.

ಮರುವರ್ಷ ಬಟ್ಟೆ ಬಿಚ್ಚಿದಾಗ ಹಿಡಿಯೆಲ್ಲ ಹಿಂದಿನ ವರ್ಷ ನಾನು ಹಚ್ಚಿದ ಕುಸುಬೆ ಎಣ್ಣೆಯಲ್ಲಿ ಹೊಳೆಯುತ್ತಿತ್ತು. ಆ ಕುಳಿಯೊಂದನ್ನು ಬಿಟ್ಟು. ಅಲ್ಲಿ ಎಣ್ಣೆಯ ಪೊರೆ ಸವೆದು ಕೋಡಿನ ಕಪ್ಪು ಕಾಣುತ್ತಿತ್ತು. ಮೂಗಿಗೆ ಹಿಡಿದರೆ ಬೆಂಡೆಕಾಯಿಯ ಹಸಿ ವಾಸನೆ. ವರ್ಷವಿಡೀ ಬಟ್ಟೆಯಲ್ಲಿ ಮಲಗಿದ ಚಾಕುವಿಗೆ ಬೆಂಡೆಕಾಯಿ ಎಲ್ಲಿಂದ ಬರಬೇಕು?

ಆ ಸಲ ಮತ್ತೆ ಸುತ್ತಿಡುವಾಗ ನಾನೂ ಹುಷಾರಾದೆ. ದಾರದ ಗಂಟನ್ನು ಚೆನ್ನಾಗಿ ನೆನಪಿಟ್ಟುಕೊಂಡೆ. ನಾನು ಕಟ್ಟಿದ ಗಂಟು ಯಾವಾಗಲೂ ಬಲಕ್ಕೆ ಮಲಗುತ್ತದೆ. ದನದ ಹಗ್ಗವಾಗಲಿ, ಕಾಳಿನ ಚೀಲವಾಗಲಿ, ಅರವತ್ತು ವರ್ಷದಿಂದ ಹಾಗೆಯೇ. ಮುಂದಿನ ದಸರೆಗೆ ತೆಗೆದಾಗ ಗಂಟು ಎಡಕ್ಕೆ ಮಲಗಿತ್ತು. ನನ್ನದೇ ಗಂಟು, ಕನ್ನಡಿಯಲ್ಲಿ ನೋಡಿದ ಹಾಗೆ.

ಹಿಡಿ ಒರೆಸುವುದನ್ನು ಬಿಟ್ಟು ಲೆಕ್ಕ ಹಾಕುತ್ತ ಕುಳಿತೆ. ನಮ್ಮ ಮನೆಯೊಳಗೆ ಬಂದು ಹೋಗುವವರು ಎಷ್ಟು ಜನ? ಪಕ್ಕದ ಮನೆಯ ಪದ್ಮಕ್ಕ ಜೈನರವಳು. ಕೋಡಿನ ಹಿಡಿ ಇದ್ದಲ್ಲಿ ಮೂರು ಮೊಳ ದೂರ ಕೂಡುತ್ತಾಳೆ, ಅವಳಿಗೆ ಪೇರಲಹಣ್ಣು ಕೊಡುವುದಾದರೆ ಇಡಿಯಾಗಿಯೇ ಕೊಡಬೇಕು. ಮಗ ಮಾರುತಿ ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಇರುವವನು. ಮನೆಯಲ್ಲಿ ಚಾಕು ಎಲ್ಲಿರುತ್ತದೆ ಎಂದು ಕೇಳಿದರೆ ಹೆಂಡತಿಯ ಕಡೆ ನೋಡುತ್ತಾನೆ. ಅವನ ಹೆಂಡತಿ ಸುರೇಖಾಳಿಗೆ ಒಂದು ಚಾಕುವೇ ಹೆಚ್ಚು. ವಾರಕ್ಕೊಮ್ಮೆ ಬೆರಳು ಕೊಯ್ದುಕೊಂಡು ಅರಿಸಿನ ಮೆತ್ತಿಕೊಳ್ಳುವ ಸೊಸೆ ಅವಳು.

ಸುರೇಖಾಳನ್ನು ಹಾರೂಗೇರಿಯಿಂದ ತಂದವಳು ನಾನೇ. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇತ್ತು: ಹೆಣ್ಣು ನೋಡಲು ಹೋದಾಗ ಹುಡುಗಿಯ ಮುಂದೆ ಒಂದು ಸವತೆಕಾಯಿ, ಒಂದು ಚಾಕು ಇಟ್ಟು ಹೆಚ್ಚಲು ಹೇಳುವುದು. ಎಡಗೈಯವಳು ಬಡಿಸಿದರೆ, ಆರತಿ ಎತ್ತಿದರೆ ಮನೆಗೆ ಒಳ್ಳೆಯದಲ್ಲ ಎಂದು ನಂಬಿದವರು ನಾವು. ಬಾಯಿ ಬಿಟ್ಟು ಕೇಳಿದರೆ ಬೀಗರಿಗೆ ಬೇಸರ ಎಂದು ಹೀಗೆ ನೋಡುತ್ತಿದ್ದೆವು. ಸುರೇಖಾ ಬಲಗೈಯಲ್ಲಿಯೇ ಹೆಚ್ಚಿದಳು. ಬಿಲ್ಲೆಗಳು ಒಂದು ದಪ್ಪ, ಒಂದು ತೆಳು, ಒಂದಕ್ಕೆ ಸ್ವಲ್ಪ ರಕ್ತ. ನಾಚಿಕೆಗೆ ಕೈ ನಡುಗಿದೆ ಎಂದುಕೊಂಡೆ. ಜೊತೆಗೆ ಬಂದಿದ್ದ ಅತ್ತೆ ಮಾತ್ರ ಆ ತಟ್ಟೆಯನ್ನು ಬಹಳ ಹೊತ್ತು ನೋಡಿ, ನನ್ನನ್ನು ಕೇಳದೆಯೇ ಅಂದುಬಿಟ್ಟಳು: "ಇದೇ ಹುಡುಗಿ ಆಗ್ಲಿ. ಮುಗಸ್ರಿ." ಮದುವೆಯಾಗಿ ಎಂಟು ತಿಂಗಳಿಗೆ ಅತ್ತೆ ತೀರಿಕೊಂಡಳು.

ಪದ್ಮಕ್ಕ, ಮಗ, ಸೊಸೆ ಮೂವರನ್ನೂ ಲೆಕ್ಕದಿಂದ ಕಳೆದ ಮೇಲೆ ಇಬ್ಬರು ಉಳಿದರು. ಸತ್ತ ಅತ್ತೆ, ಮತ್ತು ನಾನು.

ಇಲ್ಲಿಂದ ನಗುವ ಮಾತು ಕಡಿಮೆ. ಆ ವರ್ಷ ನನಗೆ ಮರೆವು ಶುರುವಾಗಿತ್ತು, ಅಥವಾ ಶುರುವಾಗಿದೆ ಎಂದು ಮನೆಯವರು ಅನ್ನತೊಡಗಿದ್ದರು. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ. ಒಲೆ ಹಚ್ಚಿ ಹಿತ್ತಲಿಗೆ ಹೋಗಿ ಎಮ್ಮೆಯ ಜೊತೆ ಮಾತಾಡುತ್ತ ನಿಂತಿದ್ದೆ. ಮಾರುತಿ ಊಟದ ತಟ್ಟೆಯ ಮುಂದೆ ಕೂತು ಹೇಳಿದ:

"ಅವ್ವಾ, ನಿನಗ ಮರವು ಹತ್ತೈತಿ. ಮಿರಜಿಗಿ ಹೋಗಿ ತೋರಸೋಣು. ಅಲ್ಲೀ ಮಟಾ ಒಲಿ, ಚಾಕು ಮುಟ್ಟಬ್ಯಾಡ. ಸಂತಿಗೂ ಒಬ್ಬಾಕೀನ ಹೋಗಬ್ಯಾಡ."

"ನಿನಗ ಹಲ್ಲ ಬರೂ ಮುಂಚೆ ನಾ ಸಂತಿ ಮಾಡಾಕತ್ತೇನಿ. ಸುಮ್ಮ ಉಣ್ಣು," ಎಂದೆ. ಆದರೆ ಒಳಗೆ ಹೆದರಿದ್ದೆ. ನನ್ನ ತಾಯಿ ಕೊನೆಯ ಎರಡು ವರ್ಷ ನನ್ನನ್ನೇ "ನೀ ಯಾರ ಮಗಳ ಬೇ?" ಎಂದು ಕೇಳುತ್ತಿದ್ದಳು. ತಾನೇ ಬಚ್ಚಿಟ್ಟ ವಸ್ತುವನ್ನು ಕಳ್ಳರು ಒಯ್ದರೆಂದು ಅಳುತ್ತಿದ್ದಳು. ನಾನೂ ಅದೇ ದಾರಿ ಹಿಡಿದಿದ್ದರೆ? ನನಗೆ ಗೊತ್ತಿಲ್ಲದೆ ನಾನೇ ಎದ್ದು, ಮಾಡದಿಂದ ಚಾಕು ತೆಗೆದು, ಎಡಗೈಯಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದರೆ? ದೇವರ ಮುಂದೆ ಕೂತು ಬೇಡಿಕೊಂಡೆ: ಇದು ದೆವ್ವವೇ ಆಗಿರಲಿ. ದೆವ್ವ ಬೇಕೆಂದು ಹರಕೆ ಹೊತ್ತ ಹೆಂಗಸು ಈ ಐದು ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಸಂತೆಯ ದಿನ ಬೆಳಿಗ್ಗೆ ನಾನೂ ಪದ್ಮಕ್ಕನೂ ಹೋಗಿ ಮಧ್ಯಾಹ್ನ ಮೀರಿದ ಮೇಲೆ ಬರುತ್ತೇವೆ. ನಾವು ಬರುವಷ್ಟರಲ್ಲಿ ಸುರೇಖಾ ಮನೆಯಲ್ಲಿ ಉಳಿದ ಬಾಡಿದ ಕಾಯಿಪಲ್ಲೆಯಲ್ಲೇ ಅಡಿಗೆ ಮುಗಿಸಿರುತ್ತಾಳೆ. ವಿಚಿತ್ರವೆಂದರೆ ವಾರದಲ್ಲಿ ಅದೊಂದು ದಿನವೇ ಪಲ್ಲೆ ರುಚಿ. ಚವಳಿಕಾಯಿ ಎಲ್ಲ ಒಂದೇ ಅಳತೆ, ಉಳ್ಳಾಗಡ್ಡಿ ನೂಲಿನಂತೆ ತೆಳು. ಬಾಯಿ ಚಪ್ಪರಿಸಿ ಉಂಡೆನೇ ಹೊರತು, ಯಾಕೆ ಎಂದು ಕೇಳಲಿಲ್ಲ. ಹೊಟ್ಟೆ ತುಂಬಿದವರು ಪ್ರಶ್ನೆ ಕೇಳುವುದು ಕಡಿಮೆ.

ಹೋದ ಬೇಸಿಗೆಯಲ್ಲಿ ಒಂದು ಸಂತೆಯ ದಿನ ಮೊಣಕಾಲು ಹಿಡಿದುಕೊಂಡಿತೆಂದು ಪದ್ಮಕ್ಕನನ್ನು ಅಲ್ಲಿಯೇ ಬಿಟ್ಟು ನಾನೊಬ್ಬಳೇ ತಿರುಗಿ ಬಂದೆ. ಸುಡುವ ಬಿಸಿಲು. ಓಣಿಯಲ್ಲಿ ನಾಯಿ ಸಹ ಇಲ್ಲ. ಕಬ್ಬಿನ ಹೊಲದ ಕಡೆಯಿಂದ ಗಾಳಿ ನಿಂತುಹೋಗಿತ್ತು. ಹಿತ್ತಲ ಬಾಗಿಲಿನಿಂದ ಒಳಗೆ ಕಾಲಿಟ್ಟಾಗ ಆ ಸದ್ದು ಕೇಳಿಸಿತು. ಟಕ್ ಟಕ್ ಟಕ್. ಸುರೇಖಾ ಹೆಚ್ಚುವ ಸದ್ದು ಹಾಗಿರಲಿಲ್ಲ. ಅವಳದು ಟಕ್, ನಿಲುಗಡೆ, ಮತ್ತೆ ಟಕ್. ಇದು ನಲವತ್ತು ವರ್ಷ ನಾನು ಹೊರಗೆ ನಿಂತು ಕೇಳಿದ ಸದ್ದು.

ಅಡಿಗೆಮನೆಯಲ್ಲಿ ಅತ್ತೆ ಕೂತಿದ್ದಳು. ಅದೇ ಜಾಗ, ಗೋಡೆಗೆ ಮುಖ, ತಲೆಯ ಮೇಲೆ ಸೆರಗು. ಸೀರೆಯೂ ಅವಳದೇ, ಜೇನುಬಣ್ಣದ ಇಳಕಲ್ಲ ಸೀರೆ. ಎಡಗೈ ಮೇಲೆ ಕೆಳಗೆ ಆಡುತ್ತಿತ್ತು. ಬೆಳಕಿಂಡಿಯಿಂದ ಬಿದ್ದ ಬಿಸಿಲಿನಲ್ಲಿ ಕೋಡಿನ ಹಿಡಿ ಒದ್ದೆ ಕಣ್ಣಿನಂತೆ ಹೊಳೆಯುತ್ತಿತ್ತು. ಕೈಯಲ್ಲಿದ್ದ ಸಂತೆಯ ಚೀಲ ಜಾರಿತು. ಬದನೆಕಾಯಿಗಳು ಉರುಳಿದವು. ನಲವತ್ತು ವರ್ಷದಲ್ಲಿ ಮೊದಲ ಸಲ ಇಣುಕಿದ ತಪ್ಪಿಗೆ ಕ್ಷಮೆ ಕೇಳುವಂತೆ ನನ್ನ ಬಾಯಿಂದ ಬಂದದ್ದು ಒಂದೇ ಮಾತು:

"ಅತ್ತೀ..."

ತಿರುಗಿದ್ದು ಸುರೇಖಾ. ಅತ್ತೆಯ ಸೀರೆಗಳನ್ನು ಅವಳಿಗೆ ಉಡಲು ಕೊಟ್ಟವಳು ನಾನೇ. ಅವಳ ಮುಖ ನನ್ನ ಮುಖಕ್ಕಿಂತ ಬಿಳಿಚಿತ್ತು. ಅತ್ತೆಯೇ ತನ್ನನ್ನು "ಅತ್ತೀ" ಎಂದು ಕರೆದರೆ ಯಾವ ಸೊಸೆಯ ಎದೆ ತಾನೇ ನಿಲ್ಲುತ್ತದೆ?

"ತಪ್ಪಾತ್ರಿ ಅತ್ತಿ," ಎಂದು ಚಾಕುವನ್ನು ತಟ್ಟನೆ ಬಲಗೈಗೆ ಬದಲಿಸಿದಳು. "ನಾ ಸಣ್ಣಾಕಿ ಇದ್ದಾಗಿಂದ ರೊಡ್ಡಿ ಅದೇನ್ರಿ. ಎಡಗೈಯಾಕಿ. ಹೆಣ್ಣ ನೋಡಾಕ ನೀವು ಬರೂ ಮುಂಚೆ ನಮ್ಮವ್ವ ತಿಂಗಳಗಟ್ಟಲೆ ನನಗ ಬಲಗೈಲೆ ಸವತಿಕಾಯಿ ಹೆಚ್ಚಾಕ ಕಲಿಸಿದ್ಳು. ನನ್ನ ತವರಿಗಿ ಕಳಸಬ್ಯಾಡ್ರಿ."

ಆರು ವರ್ಷ ಅವಳು ನನ್ನ ಕಣ್ಣೆದುರು ಬಲಗೈಯಲ್ಲಿ ಬೆರಳು ಕೊಯ್ದುಕೊಳ್ಳುತ್ತಿದ್ದಳು. ನಾನು ಅದಕ್ಕೆ ಹಚ್ಚಲು ಅರಿಸಿನ ಕೊಟ್ಟು, ಮೇಲೆ ಬೈಗುಳವನ್ನೂ ಕೊಡುತ್ತಿದ್ದೆ. ಅಲ್ಲಿಯೇ ನೆಲದ ಮೇಲೆ ಕೂತೆ. ನನಗಾದದ್ದು ಸಿಟ್ಟಲ್ಲ, ಸಮಾಧಾನ, ಬದುಕಿದೆ ಎನಿಸಿತು. ಕುಳಿಯ ಎಣ್ಣೆ ಸವೆಸಿದವಳು ಇವಳು, ಬೆಂಡೆಕಾಯಿ ಹೆಚ್ಚಿದವಳು ಇವಳು, ಎಡಕ್ಕೆ ಗಂಟು ಕಟ್ಟಿದವಳು ಇವಳು. ನನ್ನ ತಲೆ ನೆಟ್ಟಗಿದೆ.

"ತವರಿಗಿ ಕಳಿಸಿದ್ರ ನನಗ ರೊಟ್ಟಿ ಯಾರು ಬಡದ ಹಾಕ್ತಾರ?" ಎಂದೆ. "ಅದಿರ್ಲಿ, ಚಾಕು ತಗೀವಾಗ ದಾರ ಬಿಚ್ಚಿ ಮತ್ತ ನೀನೇ ಕಟ್ಟತಿದ್ದಿ, ಹೌದಿಲ್ಲೊ?"

"ಯಾವ ದಾರ್ರಿ?"

"ಮಾಡದಾಗಿಂದು. ಖಣದ ಬಟ್ಟೀದು."

ಸುರೇಖಾ ನನ್ನನ್ನೇ ನೋಡಿದಳು. "ಆ ಮಾಡ ನಾ ಮುಟ್ಟೇ ಇಲ್ರಿ. ಸಂತಿ ದಿನಾ ನೀವು ಹ್ವಾದ ಮ್ಯಾಲ ಚಾಕು ಇಲ್ಲೇ ಇರತಿತ್ತಲ್ರಿ, ಹೆಚ್ಚೂ ಮಣಿ ಮುಂದ, ಹಿಡಿ ನನ್ನ ಕಡೆ ಮಾಡಿ. ಕೆಲಸ ಮುಗಿಸಿ, ತೊಳದು ಇಲ್ಲೇ ಇಡ್ತಿದ್ನಿ. ಸಂಜಿಕ ಇರತಿದ್ದಿಲ್ಲ. ನಿಮಗೆಲ್ಲಾ ಗೊತ್ತೈತಿ, ಬಾಯಿಲೆ ಅನ್ನಾಕ ನಾಚ್ಕೊಂಡು ಹಿಂಗ ಇಟ್ಟ ಹೋಗ್ತೀರಿ ಅಂತ ತಿಳಕೊಂಡಿದ್ನಿ." ಚಾಕುವನ್ನು ಮಣೆಯ ಮೇಲಿಟ್ಟು ಕೇಳಿದಳು: "ನೀವಲ್ಲೇನ್ರಿ?"

ಅವಳ ಕಣ್ಣಿನಲ್ಲಿ ನೀರಿತ್ತು. ಆರು ವರ್ಷದಲ್ಲಿ ಈ ಮನೆಯಲ್ಲಿ ತನ್ನನ್ನು ತಿಳಿದವರು ಒಬ್ಬರಿದ್ದಾರೆ ಎಂಬ ಒಂದು ನಂಬಿಕೆಯ ಮೇಲೆ ಅವಳು ಕೂತಿದ್ದಳು. ಅದನ್ನು ಕಿತ್ತುಕೊಳ್ಳುವಷ್ಟು ಸತ್ಯವಂತೆ ನಾನಲ್ಲ.

"ನಾನೇ," ಎಂದೆ. "ಮತ್ಯಾರು ಇಡ್ತಾರ? ಹೆಚ್ಚು, ಪಲ್ಲೆ ತಡಾ ಆಗತೈತಿ."

ಮರುದಿನ ನಾನಾಗಿಯೇ ಮಾರುತಿಯನ್ನು ಕರೆದು, "ನಡಿ ಮಿರಜಿಗಿ," ಎಂದೆ. ಈಗ ಸಂಶಯವೇ ಉಳಿದಿರಲಿಲ್ಲ: ಚಾಕು ಇಟ್ಟವಳು ನಾನೇ, ಮರೆತವಳೂ ನಾನೇ. ಡಾಕ್ಟರರು ಮರಾಠಿಯಲ್ಲಿ ಇವತ್ತು ಯಾವ ವಾರ ಎಂದು ಕೇಳಿದರು. ಮೂರು ವಸ್ತುಗಳ ಹೆಸರು ಹೇಳಿ, ಬೇರೆ ಮಾತಾಡಿಸಿ, ಮತ್ತೆ ಹೇಳಿಸಿದರು. ಗಡಿಯಾರದ ಚಿತ್ರ ತೆಗೆಯಲು ಹೇಳಿದರು. ನೂರರಿಂದ ಹಿಂದೆ ಎಣಿಸಲು ಹೇಳಿದರು. ಎಮ್ಮೆಯ ಹಾಲು ಅಳೆಯುವವಳಿಗೆ ಅದೇನು ದೊಡ್ಡದು! ಕಡೆಗೆ ಕನ್ನಡಕ್ಕೆ ತಿರುಗಿ, "ಅಜ್ಜಿ, ನಿಮ್ಮ ತಲಿ ನನ್ನ ತಲಿಗಿಂತ ಛಲೋ ಐತಿ. ವಯಸ್ಸಾದ ಮ್ಯಾಲ ಉಪ್ಪು ಎರಡು ಸಲ ಬೀಳೂದು ಇದ್ದದ್ದೇ," ಎಂದರು.

ಮಾರುತಿ ದವಾಖಾನೆಯ ಬಾಗಿಲಲ್ಲೇ ಪೇಢೆ ಹಂಚುವವನಂತೆ ನಕ್ಕ. ನಾನು ನಗಲಿಲ್ಲ. ದೆವ್ವವಾಗಿರಲಿ ಎಂದು ಬೇಡಿಕೊಂಡವಳು ನಾನೇ ಅಲ್ಲವೇ? ಬಸ್ಸು ಕಾಗವಾಡ ದಾಟುವಾಗ, ಬೇಸಿಗೆಯ ಮಧ್ಯಾಹ್ನದಲ್ಲಿ, ಜನ ತುಂಬಿದ ಬಸ್ಸಿನಲ್ಲಿ, ಆ ಬೇಡಿಕೆ ಈಡೇರಿರಬಹುದು ಎಂಬುದು ಹೊಳೆದು ನನ್ನ ಬೆನ್ನು ತಣ್ಣಗಾಯಿತು.

ಆಮೇಲೆ ಎಷ್ಟೋ ಸಲ ಕೂತು ವಿಚಾರ ಮಾಡಿದ್ದೇನೆ. ಸವತೆಕಾಯಿಯ ತಟ್ಟೆಯನ್ನು ಬಹಳ ಹೊತ್ತು ನೋಡಿದವಳು ಅತ್ತೆ. ತಾನು ಜೀವಮಾನವಿಡೀ ಗೋಡೆಗೆ ಮುಖ ಮಾಡಿ ಮುಚ್ಚಿಟ್ಟದ್ದನ್ನು ಇನ್ನೊಬ್ಬಳು ಮುಚ್ಚಿಡುವುದು ಅವಳಿಗೆ ತಿಳಿಯದೇ ಇದ್ದೀತೆ? ಹಾಗಾದರೆ ಚಾಕು ಇಟ್ಟವಳು ಅವಳೇ. ಆದರೆ ಇನ್ನೊಂದು ಮಾತೂ ಇದೆ. ಡಾಕ್ಟರರು ಪರೀಕ್ಷೆ ಮಾಡಿದ್ದು ನನ್ನ ತಲೆಯನ್ನು. ಕೈಯನ್ನು ಯಾರೂ ಏನೂ ಕೇಳಲಿಲ್ಲ. ವಾರಕ್ಕೊಮ್ಮೆ ಸುರೇಖಾಳ ಬೆರಳಿಗೆ ಅರಿಸಿನ ಕೊಟ್ಟದ್ದು ಈ ಕೈ, ಬಲಮಗ್ಗುಲಿನ ಕುಳಿಯನ್ನು ಮುಟ್ಟಿ ನೋಡಿದ್ದೂ ಈ ಕೈ. ತಲೆಗೆ ಹೊಳೆಯದ್ದು ಕೈಗೆ ಹೊಳೆದು, ತಲೆಗೆ ಹೇಳದೆ ಮಾಡಿದ್ದರೆ? ಒಂದು ದಿನ ಯಾರೂ ಇಲ್ಲದಾಗ ಎಡಗೈಯಿಂದ ದಾರ ಕಟ್ಟಿ ನೋಡಿದೆ. ಉಳಿದ ಹಲ್ಲುಗಳ ಸಹಾಯವನ್ನೂ ತೆಗೆದುಕೊಂಡು ಮೂರನೆಯ ಸಲಕ್ಕೆ ಬಂತು. ಗಂಟು ಎಡಕ್ಕೆ ಮಲಗಿತು. ಅದರಿಂದ ಏನೂ ಸಾಬೀತಾಗಲಿಲ್ಲ. ಮಾಡಿದವರು ಯಾರೇ ಇರಲಿ, ನನಗಿಂತ ಮೊದಲು ಮಾಡಿದರು, ನಾನು ಮಾಡಬೇಕಾದದ್ದನ್ನೇ ಮಾಡಿದರು. ಇಷ್ಟು ಮಾತ್ರ ಖಚಿತ.

ಈಗ ಸುರೇಖಾ ಎಡಗೈಯಲ್ಲಿಯೇ ಹೆಚ್ಚುತ್ತಾಳೆ, ಗೋಡೆಗೆ ಬೆನ್ನು ಮಾಡಿ, ಬಾಗಿಲಿಗೆ ಮುಖ ಮಾಡಿ. ಮೊದಲ ದಿನ ಎಡಗೈಯಲ್ಲಿ ರೊಟ್ಟಿ ನೀಡಿದಾಗ ಮಾರುತಿ ಹುಬ್ಬೇರಿಸಿದ. "ಅದು ಯಾವ ಕೈಲೆ ಬಂತಂತ ರೊಟ್ಟಿಗಿ ಗೊತ್ತಿಲ್ಲ. ತಿನ್ನು," ಎಂದೆ. ತಿಂದ. ಈ ವರ್ಷ ಖಂಡೇಪೂಜೆಯ ಹಿಂದಿನ ದಿನ ಇಬ್ಬರೂ ಪಡಸಾಲೆಯಲ್ಲಿ ಕೂತು ಹಿಡಿಗಳನ್ನು ಉಜ್ಜಿದೆವು.

"ಈ ಕುಳಿಗೆ ಎಣ್ಣಿ ಹಚ್ಚಲೇನ್ರಿ ಅತ್ತಿ?"

"ಬ್ಯಾಡ. ಅಲ್ಲಿ ಕೈ ತಾನೇ ಹಚ್ಚತೈತಿ."

ಚಾಕು ಈಗ ಮಣೆಯ ಹತ್ತಿರವೇ ಇರುವುದರಿಂದ ಮಾಡದಲ್ಲಿ ಖಣದ ಬಟ್ಟೆ ಸುಮ್ಮನೆ ಬಿದ್ದಿತ್ತು. ಒಗೆಯೋಣವೆಂದು ತೆಗೆಯಲು ಹೋದೆ. ಬಟ್ಟೆ ಉದ್ದಕ್ಕೆ ಸುತ್ತಿತ್ತು, ಮೇಲೆ ದಾರ ಕಟ್ಟಿತ್ತು, ಗಂಟು ಎಡಕ್ಕೆ ಮಲಗಿತ್ತು. ಅಂಗೈಯಲ್ಲಿಟ್ಟು ತೂಗಿದೆ, ಒಳಗೆ ಏನೂ ಇರಲಿಲ್ಲ. ಬಿಚ್ಚದೆ ಹಾಗೆಯೇ ಇಟ್ಟುಬಂದೆ.

ಹಬ್ಬ ಮುಗಿದು ನಾಲ್ಕನೆಯ ದಿನ ಸಾಣೆಯವನು ಓಣಿಗೆ ಬಂದ. ಸುರೇಖಾ ತವರಿಗೆ, ಹಾರೂಗೇರಿಗೆ ಹೋಗಿ ಎರಡು ದಿನವಾಗಿತ್ತು. ಮಾರುತಿ ಪಾಳಿಯ ಮೇಲೆ. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದೆಂದು ನಮ್ಮಲ್ಲಿ ಪದ್ಧತಿ. ಒಂದು ತಟ್ಟೆಯನ್ನು ಮಣೆಯ ಅಂಚಿಗೆ ಹಿಡಿದು, ಅರಿವೆಯಿಂದ ಚಾಕುವನ್ನು ಸರಿಸಿಕೊಂಡು, ಮುಟ್ಟದೆಯೇ ಅವನ ಮುಂದೆ ಇಟ್ಟೆ. ಪದ್ಮಕ್ಕ ಮೂರು ಮೊಳ ದೂರ ನಿಂತಿದ್ದಳು. ಎಲ್ಲರೂ ಅಲಗಿನ ಕಡೆಯೇ ನೋಡುತ್ತಿದ್ದರು. ಅವನು ಚಾಕು ಎತ್ತಿಕೊಂಡವನು ಕಲ್ಲಿಗೆ ಹಚ್ಚಲಿಲ್ಲ. ತಿರುಗಿಸಿ ಹಿಡಿಯನ್ನು ನೋಡಿದ. ಇಷ್ಟು ವರ್ಷದಲ್ಲಿ ಅವನು ಹಿಡಿಯನ್ನು ನೋಡಿದ್ದು ಅದೇ ಮೊದಲು.

"ಅಜ್ಜಿ, ಹಿಡಿ ಬೆಚ್ಚಗ ಐತೆಲ್ರಿ. ಈಗ ಯಾರ ಹೆಚ್ಚಾಕತ್ತಿದ್ರು?"

"ನಮ್ಮ ಮನ್ಯಾಗಿನವ್ರು," ಎಂದೆ.